ವರಾಂಡದ ಸಂಧಾನ

ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕಿ ವಸುಂಧರಾ ಅವರ ಎದುರು ಆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಹೆಂಡತಿಯ ಮಡಿಲಲ್ಲಿ ಹಸುಗೂಸು ಒಂದೇ ಸಮನೆ ಅಳುತ್ತಿತ್ತು.

"ವಿಚ್ಛೇದನ ಯಾಕೆ ಬೇಕು?"

"ಚಮಚ ಬಿದ್ದರೂ ನನ್ನ ಮ್ಯಾಲೆ ಒದರ್ತಾರ್ರಿ," ಎಂದಳು ನಾಗವೇಣಿ.

"ಇಕಿ ಸುಮ್ನ ಕುಂತಲ್ಲೇ ಅಳ್ತಾಳ್ರಿ. ಕೂಸು ಹುಟ್ಟೋಕಿಂತ ಮೊದಲ ಹಿಂಗಿರಲಿಲ್ಲ," ಎಂದ ಗಂಡ.

"ರಾತ್ರಿ ನಿದ್ದೆ ಮಾಡ್ತೀರಾ?"

ಇಬ್ಬರೂ ಕೂಸಿನ ಕಡೆ ನೋಡಿದರು. ಅದರ ಅಳುವಿನಲ್ಲಿ ಮುಂದಿನ ಮಾತೇ ಕೇಳಿಸದಂತಾಗಿ, ವಸುಂಧರಾ ಅದನ್ನು ಎತ್ತಿಕೊಂಡು ವರಾಂಡಕ್ಕೆ ಹೋದರು. ಮೊಮ್ಮಕ್ಕಳನ್ನು ಆಡಿಸಿದ ಕೈ ಅವರದು. ತಟ್ಟಿ ಮಲಗಿಸಿ, ಈ ಸಂಸಾರವನ್ನು ಉಳಿಸಲು ಏನು ಹೇಳಬೇಕೆಂದು ಯೋಚಿಸುತ್ತ ಒಳಗೆ ಬಂದರೆ, ನಾಗವೇಣಿಯ ತಲೆ ಗಂಡನ ಹೆಗಲ ಮೇಲಿತ್ತು. ಗಂಡನ ಗೊರಕೆ ಫ್ಯಾನಿನ ಸದ್ದನ್ನು ಮೀರಿಸಿತ್ತು. ಎಬ್ಬಿಸಲು ಅವರಿಗೆ ಮನಸ್ಸಾಗಲಿಲ್ಲ.

ಮಧ್ಯಾಹ್ನ ಎಚ್ಚರವಾದಾಗ ಇಬ್ಬರೂ ನಾಚಿ ನಕ್ಕರು. "ಹಸಿವಾತೇನು?" ಎಂದು ಗಂಡ ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಹಾಗಾದ್ರೆ ಕೇಸು ವಾಪಸ್ ತಗೊಳ್ತೀರಲ್ಲ?" ಎಂದರು ವಸುಂಧರಾ.

ನಾಗವೇಣಿ ಗಾಬರಿಯಾದಳು. "ಬ್ಯಾಡ್ರಿ ಮೇಡಂ. ಕೂಸು ರಾತ್ರಿ ಮಲಗೋದು ಕಲಿಯೋತನಕ ವಾರಕ್ಕೊಮ್ಮೆ ತಾರೀಖು ಕೊಡ್ತಾ ಇರ್ರಿ."