ನಾಲ್ಕು ತಿಂಗಳು ಹತ್ತು ದಿನ

"ಕೂತ್ಕೊಳ್ಳೋಕೆ ಬಂದಿಲ್ಲ ಅಣ್ಣ. ಒಂದು ಮಾತು ಕೇಳ್ಕೊಂಡು ಹೋಗ್ತೀನಿ," ಎಂದಳು ಕನೀಜ್. ಯಲಹಂಕದಿಂದ ಅಮೃತಹಳ್ಳಿಯವರೆಗೆ ಬಿಸಿಲಲ್ಲಿ ನಡೆದೇ ಬಂದಿದ್ದಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಬೈರಣ್ಣನ ಕೈ ನಿಂತಿತು. ಸೈನ್ಯದ ಪಟಾಲಮ್ಮಿನಿಂದ ಅವನು ರಜೆಗೆ ಬಂದು ನಾಲ್ಕು ದಿನವಾಗಿತ್ತು. ಜೊತೆಗಾರ ಹಬೀಬುಲ್ಲಾನ ಹೆಂಡತಿಯಾದ ಇವಳು ಬಂದೇ ಬರುತ್ತಾಳೆ ಎಂದು ಆ ನಾಲ್ಕು ದಿನವೂ ಅವನು ದಾರಿಯ ಕಡೆ ಕಣ್ಣಿಟ್ಟೇ ಕೂತಿದ್ದ.

"ಬಿಸ್ಲಾಗೆ ಬಂದಿದೀಯ, ಮಜ್ಜಿಗೆನಾದ್ರೂ ಕುಡಿಯವ್ವ. ಇವ್ನಂತೂ ಬಂದಾಗಿಂದ ಬಾಯಿಗೆ ಬೀಗ ಆಕ್ಕೊಂಡವ್ನೆ. ಸರ್ಕಾರದೋರು ಸಂಬಳ ಕೊಟ್ಟು ನಾಲ್ಗೆ ಇಸ್ಕೊಂಡ್ರೋ ಏನೋ," ಎನ್ನುತ್ತ ಅವನ ತಾಯಿ ಮಾರಕ್ಕ ಒಳಗೆ ಹೋದಳು.

ಕನೀಜ್ ದನಿ ತಗ್ಗಿಸಿದಳು. "ಯುದ್ಧದಲ್ಲಿ ಆ ಕಡೆ ಸೆರೆ ಸಿಕ್ಕಿದ್ದೋರನ್ನೆಲ್ಲ ಹೋದ ತಿಂಗಳು ಬಿಟ್ರಂತೆ. ನಮ್ಮವರು ಬರ್ಲಿಲ್ಲ. ಸರ್ಕಾರದ ಕಾಗದದಲ್ಲಿ ಪತ್ತೆಯಿಲ್ಲ ಅಂತ ಅಷ್ಟೇ ಇದೆ. ಬೈರಣ್ಣನ ಜೊತೆ ದಿನವೆಲ್ಲ ವೈರ್‌ಲೆಸ್ಸಲ್ಲಿ ಹರಟೆ ಅಂತ ನಂಗೆ ಬರೆದಿದ್ರು. ಕೊನೇಲಿ ಏನಂದ್ರು ಅಣ್ಣ?"

ಆ ವೈರ್‌ಲೆಸ್ ಮಾತುಗಳನ್ನು ಯಾರಿಗೂ ಹೇಳುವುದಿಲ್ಲವೆಂದು ಬೈರಣ್ಣ ಸೈನ್ಯಕ್ಕೆ ಸಹಿ ಹಾಕಿ ಕೊಟ್ಟಿದ್ದ. ಶತ್ರುವಿಗೆ ಉರ್ದು ಬರುತ್ತಿತ್ತು, ಹಿಂದಿ ಬರುತ್ತಿತ್ತು, ಇಂಗ್ಲಿಷೂ ಬರುತ್ತಿತ್ತು. ಯಲಹಂಕದ ಸಂತೆಯ ಕನ್ನಡ ಮಾತ್ರ ಬರುತ್ತಿರಲಿಲ್ಲ. ಅದಕ್ಕೇ ಕ್ಯಾಪ್ಟನ್ನರು ಶತ್ರುವನ್ನು ನೋಡಿ ಗುರಿ ಹೇಳಲು ಮುಂದಿನ ದಿಬ್ಬದ ಮೇಲೆ ಹಬೀಬುಲ್ಲಾನನ್ನೂ ಹಿಂದೆ ಫಿರಂಗಿಗಳ ಪಕ್ಕದಲ್ಲಿ ಬೈರಣ್ಣನನ್ನೂ ಕೂರಿಸಿದ್ದರು. ಅವರಿಬ್ಬರ ಗುಟ್ಟಿನ ಮಾತಿನಲ್ಲಿ ಟ್ಯಾಂಕಿಗೆ ಎಮ್ಮೆ, ಶೆಲ್ಲಿಗೆ ಮುದ್ದೆ. ಎದುರಿನ ಕಾಲುವೆಗೆ ಅಲ್ಲಾಳಸಂದ್ರ, ಸೇತುವೆಗೆ ಅಬ್ಬಿಗೆರೆ. ತಾನು ಕೂತ ದಿಬ್ಬಕ್ಕೆ ಹಬೀಬುಲ್ಲಾನೇ ಅಮೃತಹಳ್ಳಿ ಎಂದು ಹೆಸರಿಟ್ಟಿದ್ದ. "ನಿಮ್ಮೂರಲ್ಲೇ ಕೂತಿದೀನಿ ಗುರು, ಒಂದಿನ ಊಟಕ್ಕೂ ಕರೆಯಲ್ವಲ್ಲೋ!" ಎಂದು ನಗುತ್ತಿದ್ದ.

ಆ ಸಹಿಗೆ ಹೆದರಿ ತಾನು ಸುಮ್ಮನಿದ್ದೇನೆಯೋ, ಇಲ್ಲ ಅದರ ಹಿಂದೆ ಅಡಗಿ ಕೂತಿದ್ದೇನೆಯೋ, ಹದಿಮೂರು ತಿಂಗಳಾದರೂ ಬೈರಣ್ಣನಿಗೆ ಬಗೆಹರಿದಿರಲಿಲ್ಲ.

"ನಾನು ಗಂಡ ಇರೋಳೋ, ಇಲ್ದೋಳೋ? ಅಷ್ಟು ಹೇಳಿ ಸಾಕು," ಎಂದಳು ಕನೀಜ್. ಅವಳ ಕೈತುಂಬ ಹಸಿರು ಗಾಜಿನ ಬಳೆಗಳಿದ್ದವು.

ಅವನು ಹೇಳಿಬಿಟ್ಟ. ಆ ಹೆಸರುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದ. "‘ಎಮ್ಮೆಗಳು ಅಮೃತಹಳ್ಳಿಗೇ ನುಗ್ತಿವೆ, ಮುದ್ದೆ ಇಲ್ಲೇ ಹಾಕ್ಸು’ ಅಂದ. ಮೊದ್ಲು ನೀನು ಇಳಿದು ಬಾರೋ ಅಂದೆ. ‘ಕಾಲೇ ಇಲ್ಲ ಕಣೋ, ಎಲ್ಲಿಂದ ಬರ್ಲಿ? ಬೇಗ ಹಾಕ್ಸು’ ಅಂದ. ಅದನ್ನ ಹಿಂದೀಲಿ ಕ್ಯಾಪ್ಟನ್‌ಗೆ ಹೇಳ್ದೋನು ನಾನೇ ತಂಗೀ. ಅವರಿಗೆ ಕನ್ನಡ ಬರ್ತಿರ್ಲಿಲ್ಲ. ನಾನು ಬೇರೆ ಏನು ಹೇಳಿದ್ರೂ ನಂಬ್ತಿದ್ರು. ನಮ್ಮ ಫಿರಂಗಿ ಹೊಡೆದ್ಮೇಲೆ ಆ ದಿಬ್ಬದ ಮೇಲೆ ಏನೂ ಉಳೀಲಿಲ್ಲ."

ಅವಳು ಕಿರುಚುತ್ತಾಳೆ, ಶಪಿಸುತ್ತಾಳೆ ಎಂದು ಬೈರಣ್ಣ ತಲೆ ತಗ್ಗಿಸಿ ಕಾದ. ಮಜ್ಜಿಗೆ ಲೋಟ ಹಿಡಿದು ಬಂದ ಮಾರಕ್ಕ ಹೊಸ್ತಿಲಲ್ಲೇ ನಿಂತಳು.

"ಅವತ್ತು ಯಾವ ತಾರೀಖು?" ಎಂದಳು ಕನೀಜ್.

"ಹನ್ನೊಂದು. ಎಪ್ಪತ್ತೊಂದನೇ ಇಸವಿ, ಡಿಸೆಂಬರ್."

ಅವಳ ಹೆಬ್ಬೆರಳು ಬೆರಳಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯಿತು. ಜನವರಿ, ಫೆಬ್ರವರಿ, ಮಾರ್ಚ್. ಏಪ್ರಿಲ್ಲಿಗೆ ಬಂದು ನಿಂತಿತು.

"ಗಂಡ ಸತ್ರೆ ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಬಳೆ ತೆಗೆದು, ಮೂಲೇಲಿ ಕೂತು ಅವರಿಗೋಸ್ಕರ ಅಳೋದು ಅಣ್ಣ. ಸುದ್ದಿ ಬಂದ ದಿನದಿಂದ ಅಲ್ಲ, ಸತ್ತ ದಿನದಿಂದ ಲೆಕ್ಕ," ಎಂದಳು. "ನಂದು ನಂಗೇ ಗೊತ್ತಿಲ್ದೆ ಯಾವತ್ತೋ ಮುಗಿದೋಗಿದೆ. ಆ ದಿನಗಳಲ್ಲೇ ಯಶವಂತಪುರದಲ್ಲಿ ನಮ್ಮ ತಂಗಿ ಮದುವೆ ಇತ್ತು. ಎರಡೂ ಕೈಗೆ ಮೆಹೆಂದಿ ಹಾಕ್ಕೊಂಡು ನಗ್ತಾ ಕೂತಿದ್ದೆ."