ನ್ಯಾಕಿಯೊ ಹೆಸರಿನ ಷೇರು

“ಇಲ್ಲೊಂದು ಸಹಿ ಹಾಕು, ಸಾಕು,” ಎಂದು ಗಿಚುಹಿ ಮಾರಾಟದ ಫಾರ್ಮನ್ನು ಹೆಂಡತಿಯ ಮುಂದೆ ಸರಿಸಿದ. ವಾಂಗೆಚಿ ಪೆನ್ನು ಹಿಡಿದಿದ್ದಳು, ಬರೆಯಲಿಲ್ಲ. ಟಾಮ್ ಎಂಬೋಯ ರಸ್ತೆಯ ಆ ಷೇರು ದಲ್ಲಾಳಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಟಿವಿಯಲ್ಲಿ ಅಂಕಿಗಳು ಕೆಂಪಗೆ ಇಳಿಯುತ್ತಲೇ ಇದ್ದವು. ಹಾಸಿಗೆ ಹಿಡಿದವರ ಮುಖ ನೋಡುವಂತೆ ಜನ ಅದನ್ನೇ ನೋಡುತ್ತ ನಿಂತಿದ್ದರು.

ಫಾರ್ಮಿನ ಮೇಲಿದ್ದ ಷೇರುದಾರಳ ಹೆಸರು ನ್ಯಾಕಿಯೊ ಗಿಚುಹಿ. ಅವರ ಮಗಳು. ತೀರಿಹೋಗಿ ಎರಡು ವರ್ಷವಾಗಿತ್ತು.

ದೇಶದ ದೊಡ್ಡ ಕಂಪನಿಯೊಂದು ಮೊದಲ ಸಲ ಷೇರು ಬಿಟ್ಟಾಗ ನೈರೋಬಿಯವರೆಲ್ಲ ಮಾಡಿದ್ದನ್ನೇ ಗಿಚುಹಿಯೂ ಮಾಡಿದ್ದ. ತಲೆಗೆ ಇಷ್ಟೇ ಎಂದು ಹಂಚುತ್ತಾರೆಂದು ತನ್ನ ಹೆಸರಿನಲ್ಲೊಂದು, ಹೆಂಡತಿಯ ಹೆಸರಿನಲ್ಲೊಂದು, ನರ್ಸರಿಗೆ ಹೋಗುತ್ತಿದ್ದ ಮಗಳ ಹೆಸರಿನಲ್ಲೊಂದು ಅರ್ಜಿ ಹಾಕಿದ್ದ. ಮಗಳ ಅರ್ಜಿಗೆ ಪೋಷಕಿಯಾಗಿ ವಾಂಗೆಚಿ ಸಹಿ ಮಾಡಿದ್ದಳು. ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ದಿನವೂ ಇಲ್ಲಿಗೆ ಬರತೊಡಗಿದ. ಈ ವಾರ ಕೊಂಡದ್ದನ್ನು ಮುಂದಿನ ವಾರ ಮಾರುವುದು, ಮಾರಿದ್ದನ್ನೇ ಮತ್ತೆ ಕೊಳ್ಳುವುದು. ಹೀಗೆ ಅವನದು ಕರಗಿತು, ಹೆಂಡತಿಯದೂ ಕರಗಿತು. ಮಗಳದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

“ಇವತ್ತು ಮಾರಿಬಿಡೋಣ. ಇನ್ನೂ ಕೆಳಗೆ ಬಿದ್ದಾಗ ಇದೇ ದುಡ್ಡಲ್ಲಿ ಡಬಲ್ ತಗೋತೀನಿ.”

“ನಂದು ಮಾರಿದಾಗಲೂ ಇದನ್ನೇ ಹೇಳಿದ್ದೆ.”

“ಬಾಡಿಗೆ ಕಟ್ಟದಿದ್ರೆ ಶನಿವಾರ ಮನೆ ಓನರು ಬಾಗಿಲಿಗೆ ಬೀಗ ಜಡೀತಾನೆ. ಬೀದೀಲಿ ಕೂತ್ಕೊಂಡು ಷೇರು ಕಾಯ್ತೀಯಾ?”

“ಮಾರಿದ್ರೆ ಅವಳ ಹೆಸರು ತೆಗೆದುಹಾಕ್ತಾರೆ.”

“ಹೆಸರು ಉಗಾಲಿ ಮುದ್ದೆ ಬೇಯಿಸುತ್ತಾ?” ಅವನ ದನಿ ಒಡೆಯಿತು. “ಅದು ನಮ್ಮವ್ವನ ಹೆಸರೂ ಹೌದು ಕಣೇ. ನನ್ನದೇನು ಕಲ್ಲೆದೆ ಅಂದ್ಕೊಂಡ್ಯಾ?”

ಮದುವೆಯಾದ ಮರುವರ್ಷದಿಂದ ಕೇರಿಯಲ್ಲಿ ಎಲ್ಲರೂ ವಾಂಗೆಚಿಯನ್ನು ನ್ಯಾಕಿಯೊ ಅಮ್ಮ ಎಂದೇ ಕರೆಯುತ್ತಿದ್ದರು. ಮಗು ಮಣ್ಣಾದ ಮೇಲೆ, ನೋವಾದೀತೆಂದು, ಒಬ್ಬೊಬ್ಬರಾಗಿ ವಾಂಗೆಚಿ ಎನ್ನತೊಡಗಿದರು. ಚರ್ಚಿನವರೂ, ತರಕಾರಿಯವಳೂ, ಕೊನೆಗೆ ಹೆತ್ತ ತಾಯಿಯೂ.

“ಓಹೋ, ನ್ಯಾಕಿಯೊ ಅಮ್ಮ! ನೀವೂ ಬಂದ್ರಾ ಈ ಸಾವಿನ ಮನೆಗೆ?”

ಟೈ ಸಡಿಲಿಸಿಕೊಂಡು ಬಂದವನು ದಲ್ಲಾಳಿ ಒಡೇರ. ಮಗು ತೀರಿಹೋದದ್ದು ಅವನಿಗೆ ಗೊತ್ತಿರಲಿಲ್ಲ. ಹೇಳಿದರೆ ಕೋರ್ಟಿನ ಕಾಗದ ಬರುವವರೆಗೆ ಖಾತೆ ಮುಚ್ಚಿಡುತ್ತಾರೆಂದು ಗಿಚುಹಿ ಬಾಯಿ ಬಿಟ್ಟಿರಲಿಲ್ಲ. ಒಡೇರ ಫಾರ್ಮಿನ ಮೇಲೆ ಕಣ್ಣಾಡಿಸಿ ಹಣೆ ಬಡಿದುಕೊಂಡ.

“ಅಯ್ಯೋ ಮಹಾರಾಯ, ಮಗೂದನ್ನೂ ಬಿಡಲ್ವಾ ನೀನು? ಎಷ್ಟನೇ ಕ್ಲಾಸು ಈಗ ಅವಳು?”

“ಎರಡನೇ ಕ್ಲಾಸು,” ಎಂದ ಗಿಚುಹಿ, ತಡವರಿಸದೆ.

ವಾಂಗೆಚಿ ಗಂಡನ ಮುಖ ನೋಡಿದಳು. ಸುಳ್ಳಾಡಿದನೆಂದು ಅಲ್ಲ. ಮಗಳು ಇದ್ದಿದ್ದರೆ ಈಗ ಎರಡನೇ ಕ್ಲಾಸೇ. ಅವನೂ ಒಳಗೊಳಗೇ ಅವಳನ್ನು ಪಾಸು ಮಾಡಿಸುತ್ತ ಬಂದಿದ್ದ.

“ಕೇಳು,” ಒಡೇರ ಮೇಜಿನ ಅಂಚಿಗೆ ಒರಗಿ ಕೂತ. “ನಿನಗೆ ಬಾಡಿಗೆ, ನನಗೆ ಬೀಪಿ, ಇವರಿಗೆಲ್ಲ ಬ್ಯಾಂಕಿನ ಸಾಲ. ಈ ರೂಮಲ್ಲಿ ಕಾಯೋಕೆ ಪುರುಸೊತ್ತು ಇರೋದು ಆ ಮಗು ಒಂದಕ್ಕೇ. ಬೀಳಲಿ ಬಿಡು. ಅವಳು ದೊಡ್ಡವಳಾಗೋ ಹೊತ್ತಿಗೆ ಎದ್ದಿರುತ್ತೆ. ಹದಿನೆಂಟು ತುಂಬಿದ ಮೇಲೆ ಅವಳೇ ಬಂದು ಸಹಿ ಹಾಕ್ಲಿ.”

“ಬರದಿದ್ರೆ?” ವಾಂಗೆಚಿ ಕೇಳಿದಳು.

“ಬರದಿದ್ರೆ ಷೇರು ಎಲ್ಲಿಗೆ ಹೋಗುತ್ತೆ, ತಾಯಿ? ಅವಳ ಹೆಸರಲ್ಲೇ ಬಿದ್ದಿರುತ್ತೆ.”

ವಾಂಗೆಚಿ ಪೆನ್ನನ್ನು ಮೇಜಿನ ಮೇಲಿಟ್ಟಳು.

“ಶನಿವಾರ, ವಾಂಗೆಚಿ,” ಎಂದ ಗಿಚುಹಿ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಅವನು ಏಳಲಿಲ್ಲ. ಎರಡು ಕೈಗಳನ್ನೂ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಟಿವಿಯ ಕಡೆಗೂ ನೋಡದೆ ಕೂತ.

ಒಡೇರನಿಗೆ ಖುಷಿಯಾಗಿತ್ತು. “ನೋಡ್ರಪ್ಪಾ, ಎಲ್ಲ ಮಾರೋಕೆ ಎದ್ದುಬಿದ್ದು ಓಡ್ತಿದ್ದೀರಲ್ಲ, ಈ ಅಮ್ಮನ್ನ ನೋಡಿ ಕಲೀರಿ!” ಎಂದು ಜನರತ್ತ ಕೂಗಿದ. ಕೆಲವರು ತಿರುಗಿ ನೋಡಿದರು. ಅವಳಿಗೆ ದಾರಿ ಬಿಟ್ಟರು.

“ಮುಂದಿನ ಸಲ ನಮ್ಮ ಪುಟ್ಟ ಗಿರಾಕೀನ ಕರ್ಕೊಂಡು ಬನ್ನಿ, ನ್ಯಾಕಿಯೊ ಅಮ್ಮ. ಎಷ್ಟೆತ್ತರ ಆಗಿದಾಳೆ?”

ವಾಂಗೆಚಿ ಬಾಗಿಲಲ್ಲಿ ನಿಂತು ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದಳು. ಅಷ್ಟಿದ್ದಳು. ಒಂದು ಕ್ಷಣ ಆ ಕೈಯನ್ನೇ ನೋಡಿದಳು. ಆಮೇಲೆ ಅದನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದಳು.