ನದಿ ದಂಡೆಯ ಪಾಠ

“ಇದು ಸೇತುವೆ,” ಎಂದಳು ಸಿನ್ನೊವೆ.

ಟೊರ್ಗೈರ್ ಸೇತುವೆಯತ್ತ ನೋಡಿದ. ಅದು ಸೇತುವೆ ಎಂಬ ಬಗ್ಗೆ ಅವನದೇನೂ ತಕರಾರಿದ್ದಂತೆ ಕಾಣಲಿಲ್ಲ. ಮಾತು ಮಾತ್ರ ಹೊರಡಲಿಲ್ಲ. ನವೆಂಬರಿನಲ್ಲಿ ಪಾರ್ಶ್ವವಾಯು ಬಡಿದಾಗಿನಿಂದ ಅವನು ಒಂದು ಪದವನ್ನೂ ಆಡಿರಲಿಲ್ಲ. ಕೈಕಾಲು ಸರಿಹೋಗಿದ್ದವು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಚಿತ್ರಗಳನ್ನೆಲ್ಲ ತೋರಿಸಿ ಸೋತು, “ಹಿಮ ಕರಗಿದ್ಮೇಲೆ ನದಿ ದಂಡೆ ಪಾರ್ಕಿಗೆ ಕರ್ಕೊಂಡ್ಹೋಗಿ. ಕಂಡಿದ್ದರ ಹೆಸರು ಹೇಳ್ತಾ ಇರಿ. ಪ್ರಶಾಂತವಾಗಿರೋ ಕಡೆ ಮಾತು ತಾನಾಗೇ ಬರುತ್ತೆ,” ಎಂದಿದ್ದಳು.

ಓಸ್ಲೋದಲ್ಲಿ ಹಿಮ ಕರಗಿ ಎರಡು ವಾರವಾಗಿತ್ತು. ಎರಡು ವಾರದಿಂದಲೂ ಸಿನ್ನೊವೆ ಗಂಡನಿಗೆ ಹೆಸರು ಹೇಳುತ್ತಿದ್ದಳು. ಬಾತುಕೋಳಿ. ಬರ್ಚ್ ಮರ. ಬೆಂಚು. ಮನೆ ಸೇರುವಷ್ಟರಲ್ಲಿ ಅವಳ ಗಂಟಲೇ ಕಟ್ಟಿರುತ್ತಿತ್ತು. ಊಟಕ್ಕೆ ಕೂತಾಗ ಎರಡು ಚಮಚದ ಸದ್ದು ಕೇಳಲಾರದೆ ರೇಡಿಯೊ ಹಾಕುತ್ತಿದ್ದಳು.

“ಇದು ನೀಲಿ ಹೂ. ಪ್ರತಿ ವರ್ಷ ಮೊದ್ಲು ಕಾಣ್ತಿದ್ದಿದ್ದು ನಿಂಗೇ. ಹೇಳು ನೋಡೋಣ, ಹೂ.”

ಟೊರ್ಗೈರ್ ತುಟಿ ಅಲ್ಲಾಡಿಸಿದ. ಬರೀ ಉಸಿರು ಬಂತು.

ಅಷ್ಟರಲ್ಲಿ ತಿರುವಿನಿಂದ ಕಂದು ಬಣ್ಣದ ದೊಡ್ಡ ನಾಯಿಯೊಂದು ಓಡಿಬಂದು, ಹೂಗಳನ್ನೆಲ್ಲ ತುಳಿದು, ದಂಡೆಯ ಬಾತುಕೋಳಿಗಳನ್ನು ನೀರಿಗಟ್ಟಿತು. ಹಿಂದೆ ಅದರ ಯಜಮಾನ, ಗಡ್ಡದ ಯುವಕ, ಕೈಬೀಸಿಕೊಂಡು ಬಂದ.

“ನಾಯಿಗೆ ಹಗ್ಗ ಹಾಕ್ರೀ!”

ಕೂಗಿದ್ದು ಯಾರೆಂದು ಸಿನ್ನೊವೆ ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

“ಹಕ್ಕಿ ಗೂಡು ಕಟ್ಟೋ ಕಾಲ!” ಟೊರ್ಗೈರನ ಮುಖ ಕೆಂಪಾಗಿತ್ತು. “ಏಪ್ರಿಲ್ ಒಂದರಿಂದ ನಾಯೀನ ಕಟ್ಟೇ ಇರ್ಬೇಕು. ಕಾನೂನು ಗೊತ್ತಿಲ್ವಾ, ಮುಠ್ಠಾಳ!”

“ಅದು ಕಚ್ಚಲ್ಲ ಅಜ್ಜ,” ಎಂದ ಯುವಕ.

“ಕಚ್ಚುತ್ತೆ ಅಂದ್ನಾ ನಾನು?”

ಯುವಕ ಬೇರೆ ದಾರಿಯಿಲ್ಲದೆ ನಾಯಿಯನ್ನು ಕರೆದು, ಜೇಬಿನಿಂದ ಹಗ್ಗ ತೆಗೆದು ಬಿಗಿದ. ಬಾತುಕೋಳಿಗಳು ದಂಡೆಗೆ ಮರಳಿದವು. ಪಾರ್ಕು ಮತ್ತೆ ಪ್ರಶಾಂತವಾಯಿತು. ಟೊರ್ಗೈರನ ಬಾಯಿಯೂ ಮುಚ್ಚಿತು.

“ಇನ್ನೊಂದ್ಸಲ ಹೇಳು,” ಸಿನ್ನೊವೆ ಅವನ ತೋಳು ಹಿಡಿದು ಅಲುಗಿಸಿದಳು. “ಏನಾದ್ರೂ ಹೇಳು. ನಂಗಾದ್ರೂ ಬೈಯಿ.”

ಅವನು ನದಿ ನೋಡುತ್ತ ನಿಂತ.

ಸಿನ್ನೊವೆ ಅವನನ್ನು ಅಲ್ಲೇ ಬಿಟ್ಟು, ಎಪ್ಪತ್ತೊಂದರ ಕಾಲುಗಳಲ್ಲಿ ಆದಷ್ಟು ಓಡಿ, ಯುವಕನ ತೋಳು ಹಿಡಿದು ನಿಲ್ಲಿಸಿದಳು.

“ಹಾಕಿದೀನಲ್ಲಮ್ಮಾ, ಇನ್ನೇನು?” ಎಂದ ಅವನು.

“ನಾಳೆ ಎಷ್ಟೊತ್ತಿಗೆ ಬರ್ತೀರಾ?”

“ಹತ್ತಕ್ಕೆ. ಯಾಕೆ?”

ಸಿನ್ನೊವೆ ಕಣ್ಣೊರೆಸಿಕೊಂಡಳು.

“ಹಗ್ಗ ಮನೇಲೇ ಬಿಟ್ಟು ಬನ್ನಿ.”